ಬೆಳೆಯುವ ನಗರದ ಮಗ್ಗುಲಲ್ಲಿ ಕರಗುವ ಊರು: ಸ್ರೆಮ್ಸ್ಕಿ ಕಾರ್ಲೊವ್ಟ್ಸಿ ಪ್ರಕರಣ

ಸೆರ್ಬಿಯಾದ ಜನಸಂಖ್ಯೆ ಇಳಿಯುತ್ತಿದೆ ಎಂಬುದು ಹಳೆಯ ಸುದ್ದಿ. 2011ರ ಜನಗಣತಿಯಲ್ಲಿ 71,86,862 ಇದ್ದದ್ದು 2022ರ ಹೊತ್ತಿಗೆ 66,47,003ಕ್ಕೆ ಬಂತು. (2021ರಲ್ಲೇ ನಡೆಯಬೇಕಿದ್ದ ಎಣಿಕೆ ಕೊರೊನಾದಿಂದಾಗಿ ಒಂದು ವರ್ಷ ಮುಂದೆ ಹೋಗಿತ್ತು.) ಹಳ್ಳಿಗಳು ಬರಿದಾಗುತ್ತಿವೆ, ಗುಡ್ಡಗಾಡಿನ ಶಾಲೆಗಳು ಬಾಗಿಲು ಹಾಕುತ್ತಿವೆ, ಓದಿದವರು ಜರ್ಮನಿ, ಆಸ್ಟ್ರಿಯಾ ಕಡೆ ಹೊರಡುತ್ತಿದ್ದಾರೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಆಶ್ಚರ್ಯ ಇರುವುದು ಒಂದು ಚಿಕ್ಕ ಊರಿನ ಲೆಕ್ಕದಲ್ಲಿ. ಉತ್ತರದ ವೊಯ್ವೊದಿನಾ ಪ್ರಾಂತದ ರಾಜಧಾನಿ ನೋವಿ ಸಾದ್ ಇದೇ ಅವಧಿಯಲ್ಲಿ ಪ್ರವಾಹಕ್ಕೆ ಎದುರಾಗಿ ಈಜಿತು. ಅದರ ಆಡಳಿತ ವ್ಯಾಪ್ತಿಯ ಜನಸಂಖ್ಯೆ 3,41,625ರಿಂದ 3,68,967ಕ್ಕೆ ಏರಿತು. ಅಲ್ಲಿಂದ ಡ್ಯಾನ್ಯೂಬ್ ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಸ್ರೆಮ್ಸ್ಕಿ ಕಾರ್ಲೊವ್ಟ್ಸಿ ಸಿಗುತ್ತದೆ. 2002ರಲ್ಲಿ ಅಲ್ಲಿದ್ದವರು 8,839 ಮಂದಿ, 2011ರಲ್ಲಿ 8,750. 2022ರಲ್ಲಿ ಎಂಟು ಸಾವಿರದ ಗೆರೆಯೂ ತಪ್ಪಿ, ಹನ್ನೊಂದು ವರ್ಷದಲ್ಲಿ ನೂರಕ್ಕೆ ಹತ್ತು ಮಂದಿ ಕಡಿಮೆಯಾದರು. ಪ್ರಾಂತದ ಒಟ್ಟು ಇಳಿಕೆಯೂ ಹೆಚ್ಚುಕಡಿಮೆ ಅಷ್ಟೇ. ಎಂದರೆ, ದೇಶದಲ್ಲಿ ಬೆಳೆಯುತ್ತಿರುವ ಕೆಲವೇ ನಗರಗಳಲ್ಲಿ ಒಂದು ಪಕ್ಕದಲ್ಲೇ ಇದ್ದರೂ ಈ ಊರಿನ ಗತಿ ಎಲ್ಲೋ ಗಡಿಯಂಚಿನ ಹಳ್ಳಿಯ ಗತಿಯೇ ಆಯಿತು.

ಊರೇನು ಸಾಮಾನ್ಯದ್ದಲ್ಲ. ಯುರೋಪಿನ ನಕ್ಷೆಯನ್ನು ತಿದ್ದಿದ ಒಪ್ಪಂದವೊಂದಕ್ಕೆ ಇದರ ಹೆಸರಿದೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದೊಳಗಿನ, ಅಂದರೆ ಆಸ್ಟ್ರಿಯಾದ ಅರಸುಮನೆತನದ ಆಳ್ವಿಕೆಯೊಳಗಿನ, ಸರ್ಬರ ಧರ್ಮಪೀಠ. ರಾಜ್ಯವೇ ಇಲ್ಲದ ಜನರಿಗೆ ಇದೇ ರಾಜಧಾನಿಯಾಗಿತ್ತು ಎಂದರೂ ಸಲ್ಲುತ್ತದೆ. ಇಂಥ ಊರು ಯಾಕೆ ದೊಡ್ಡದಾಗಲಿಲ್ಲ, ಈಗ ಯಾಕೆ ಕುಗ್ಗುತ್ತಿದೆ? ಇದಕ್ಕೆ ಉತ್ತರ ಈಚಿನ ಹನ್ನೊಂದು ವರ್ಷಗಳಲ್ಲಿ ಸಿಗುವುದಿಲ್ಲ ಎಂಬುದು ನನ್ನ ಎಣಿಕೆ. ಅದನ್ನು ಹದಿನೆಂಟನೆಯ ಶತಮಾನದಲ್ಲಿ ಹುಡುಕಬೇಕು.

ಡೇರೆಗಳ ಊರು

ಮಧ್ಯಯುಗದಲ್ಲಿ ಇಲ್ಲಿ ಕಾರೊಮ್ ಎಂಬ ಹಂಗೇರಿಯನ್ ಕೋಟೆಯಿತ್ತು. 1521ರಲ್ಲಿ ಒಟ್ಟೊಮನ್ನರು ಬಂದರು, ಹದಿನೇಳನೆಯ ಶತಮಾನದ ಕೊನೆಯವರೆಗೂ ಇದ್ದರು. 1683ರಲ್ಲಿ ವಿಯೆನ್ನಾದ ಮುತ್ತಿಗೆ ಕೈಗೂಡದೆ ಅವರು ಹಿಂದೆ ಸರಿಯತೊಡಗಿದಾಗ ಯುದ್ಧ ಡ್ಯಾನ್ಯೂಬ್ ಗುಂಟ ಕೆಳಗಿಳಿಯಿತು. ಹದಿನೈದು ವರ್ಷಗಳ ಕಾದಾಟದ ನಂತರ ಎರಡೂ ಕಡೆಯವರು ಸುಸ್ತಾಗಿ ಸಂಧಾನಕ್ಕೆ ಕೂತದ್ದು ಇಲ್ಲಿ.

1698ರ ಚಳಿಗಾಲದ ಹೊತ್ತಿಗೆ ಕಾರ್ಲೊವ್ಟ್ಸಿಯಲ್ಲಿ ರಾಯಭಾರಿಗಳನ್ನು ಇಳಿಸಲು ಯೋಗ್ಯವಾದ ಮನೆಗಳೇ ಉಳಿದಿರಲಿಲ್ಲ. ಡೇರೆ, ಮರದ ಶೆಡ್ಡುಗಳಲ್ಲೇ ಬೀಡುಬಿಡಬೇಕಾಯಿತು. ಒಂದು ಕಡೆ ಒಟ್ಟೊಮನ್ನರು, ಇನ್ನೊಂದು ಕಡೆ ಆಸ್ಟ್ರಿಯಾ, ಪೋಲೆಂಡ್, ವೆನಿಸ್, ರಷ್ಯಾ. ನಡುವೆ ಮಧ್ಯಸ್ಥಿಕೆಗೆ ಇಂಗ್ಲೆಂಡ್ ಮತ್ತು ಹಾಲೆಂಡ್. ಮೊದಲು ಯಾರು ಒಳಗೆ ಬರಬೇಕು, ಯಾರು ಯಾರಿಗಿಂತ ಮೇಲೆ ಕೂರಬೇಕು ಎಂಬ ತಗಾದೆ ಎದ್ದಿತು. ಅದಕ್ಕೆ ಕಂಡುಕೊಂಡ ಪರಿಹಾರವನ್ನು ಊರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ: ಮಾತುಕತೆಯ ಶೆಡ್ಡಿಗೆ ನಾಲ್ಕು ಬಾಗಿಲು, ಎಲ್ಲರೂ ಒಟ್ಟಿಗೆ ಒಳಬರುವುದು, ದುಂಡುಮೇಜಿನ ಸುತ್ತ ಕೂರುವುದು. ರಾಜತಾಂತ್ರಿಕ ಮಾತುಕತೆಗೆ ದುಂಡುಮೇಜು ಮೊದಲು ಬಂದದ್ದೇ ಇಲ್ಲಿ ಎಂಬುದು ಅವರ ವಾದ. ‘ಮೊದಲು’ ಎನ್ನುವ ವಾದಗಳಿಗೆ ನಾನು ಅರ್ಧ ಕಿವಿಯನ್ನಷ್ಟೇ ಕೊಡುವವನು, ಆದರೆ ಆ ಜಾಗದಲ್ಲಿ ಮುಂದೆ 1817ರಲ್ಲಿ ಎದ್ದ ಶಾಂತಿಮಾತೆಯ ಪ್ರಾರ್ಥನಾಮಂದಿರ ಕಟ್ಟಡದ ರೂಪದಲ್ಲೇ ಆ ಕತೆಯನ್ನು ಹಿಡಿದಿಟ್ಟಿದೆ. ಡೇರೆಯಂತೆ ದುಂಡಗಿನ ಕಟ್ಟಡ, ನಾಲ್ಕು ಬಾಗಿಲು.

1699ರ ಜನವರಿ 26ರಂದು ಸಹಿ ಬಿತ್ತು. ಒಟ್ಟೊಮನ್ ನಿಯೋಗ ಶುಭಗಳಿಗೆ ನೋಡಿಯೇ ಸಹಿಗೆ ಕೂತಿತಂತೆ. ಹಂಗೇರಿಯ ಬಹುಭಾಗ, ಟ್ರಾನ್ಸಿಲ್ವೇನಿಯಾ ಹ್ಯಾಬ್ಸ್‌ಬರ್ಗರ ಪಾಲಾದವು. ಪೋಲೆಂಡಿಗೆ ಪೊದೋಲಿಯಾ, ವೆನಿಸ್‌ಗೆ ಗ್ರೀಸಿನ ಮೊರಿಯಾ. ಒಟ್ಟೊಮನ್ ಸಾಮ್ರಾಜ್ಯ ಇಷ್ಟು ದೊಡ್ಡ ಪ್ರಮಾಣದಲ್ಲಿ ನೆಲ ಬಿಟ್ಟುಕೊಟ್ಟದ್ದು ಅದೇ ಮೊದಲು.

ಗುಳೆ ಬಂದವರ ಪೀಠ

ಒಪ್ಪಂದಕ್ಕೆ ಒಂಬತ್ತು ವರ್ಷ ಮುಂಚೆ ಇನ್ನೊಂದು ಘಟನೆ ನಡೆದಿತ್ತು. ಈ ಊರಿನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಆಸ್ಟ್ರಿಯನ್ ಸೇನೆ ಕೊಸೊವೊದವರೆಗೂ ಮುನ್ನುಗ್ಗಿ ಮತ್ತೆ ಹಿಮ್ಮೆಟ್ಟಿದಾಗ, ಅದರ ಜೊತೆ ಎದ್ದುನಿಂತಿದ್ದ ಸರ್ಬರು ಒಟ್ಟೊಮನ್ನರ ಸೇಡಿಗೆ ಹೆದರಿ 1690ರಲ್ಲಿ ತಮ್ಮ ಚರ್ಚಿನ ಪರಮಾಧ್ಯಕ್ಷ, ಪೇಟ್ರಿಯಾರ್ಕ್ ಆರ್ಸೆನಿಯೆ ಚಾರ್ನೊಯೆವಿಚ್ ಹಿಂದೆ ಉತ್ತರಕ್ಕೆ ಗುಳೆ ಹೊರಟರು. ಎಷ್ಟು ಜನ ಎಂಬುದರ ಮೇಲೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಹತ್ತಾರು ಸಾವಿರ ಎಂಬಷ್ಟಕ್ಕೆ ತಕರಾರಿಲ್ಲ. ಚಕ್ರವರ್ತಿ ಲಿಯೊಪೋಲ್ಡ್ ಅವರಿಗೆ ಸನದು ಬರೆದುಕೊಟ್ಟ: ನಿಮ್ಮ ಧರ್ಮ ನಿಮ್ಮದು, ನಿಮ್ಮ ಧರ್ಮಾಧ್ಯಕ್ಷನನ್ನು ನೀವೇ ಆರಿಸಿಕೊಳ್ಳಿ.

ಆ ಸನದಿನ ಬಲದ ಮೇಲೆ ಕಟ್ಟಿದ ಧರ್ಮಪೀಠ 1713ರಲ್ಲಿ ಕಾರ್ಲೊವ್ಟ್ಸಿಗೆ ಬಂತು. ಒಟ್ಟೊಮನ್ನರು 1766ರಲ್ಲಿ ಕೊಸೊವೊದ ಪೆಚ್‌ನಲ್ಲಿದ್ದ ಹಳೆಯ ಪೀಠವನ್ನು ರದ್ದುಮಾಡಿದ ಮೇಲಂತೂ ಸರ್ಬಿಯನ್ ಆರ್ಥೊಡಾಕ್ಸ್ ಜಗತ್ತಿಗೆ ಇದಕ್ಕಿಂತ ದೊಡ್ಡ ಪೀಠ ಉಳಿಯಲಿಲ್ಲ. ಬುಡಾದಿಂದ ತಿಮಿಶ್ವಾರದವರೆಗೆ ಹರಡಿದ್ದ ಜನ ಮದುವೆ ವ್ಯಾಜ್ಯಕ್ಕೆ, ಶಾಲೆಯ ಅನುಮತಿಗೆ, ಪಾದ್ರಿಯ ನೇಮಕಕ್ಕೆ ಈ ಊರಿನ ಕಡೆ ನೋಡಬೇಕಾಗಿತ್ತು. ಚರ್ಚೇ ಅವರ ಸರ್ಕಾರವಾಗಿತ್ತು.

ಸಂಸ್ಥೆಗಳು ಒಂದರ ಹಿಂದೆ ಒಂದು ಬಂದವು. 1726ರಲ್ಲಿ ರಷ್ಯಾದಿಂದ ಬಂದ ಮೇಷ್ಟ್ರು ಮಕ್ಸಿಮ್ ಸುವೊರೊವ್ ಶಾಲೆ ತೆರೆದ. 1758ರಲ್ಲಿ ಶುರುವಾದ ಸಂತ ನಿಕೊಲಸರ ಅವಳಿ ಗೋಪುರದ ಮಹಾಚರ್ಚು ನಾಲ್ಕೇ ವರ್ಷದಲ್ಲಿ ಎದ್ದುನಿಂತಿತು. 1791ರಲ್ಲಿ ಮೆಟ್ರೊಪಾಲಿಟನ್, ಅಂದರೆ ಇಲ್ಲಿನ ಪೀಠಾಧ್ಯಕ್ಷ, ಸ್ತೆಫಾನ್ ಸ್ತ್ರಾತಿಮಿರೊವಿಚ್ ಕಾಲದಲ್ಲಿ, ದಿಮಿತ್ರಿಯೆ ಅನಸ್ತಾಸಿಯೆವಿಚ್ ಸಾಬೊವ್ ಎಂಬ ವರ್ತಕನ ದೊಡ್ಡ ದತ್ತಿಯಿಂದ ಗಿಮ್ನಾಸಿಯಮ್, ಅಂದರೆ ಪ್ರೌಢಶಾಲೆ, ಆರಂಭವಾಯಿತು. 1794ರಲ್ಲಿ ಪಾದ್ರಿಗಳ ತರಬೇತಿಗೆ ಸೆಮಿನರಿ. ಚೌಕದ ನಡುವೆ 1799ರಲ್ಲಿ ಕೆಂಪು ಅಮೃತಶಿಲೆಯ ನಾಲ್ಕು ಸಿಂಹಗಳ ಕಾರಂಜಿ. ಅದರ ನೀರು ಕುಡಿದವರು ಮತ್ತೆ ಇಲ್ಲಿಗೆ ಬಂದೇ ಬರುತ್ತಾರೆ, ಇಲ್ಲೇ ಮದುವೆಯೂ ಆಗುತ್ತಾರೆ ಎಂಬ ಮಾತಿದೆ. ಜನಗಣತಿ ನೋಡಿದರೆ ಕುಡಿದವರು ಸಾಲದು.

1848ರ ಮೇ ತಿಂಗಳಲ್ಲಿ ಯುರೋಪಿನಾದ್ಯಂತ ಕ್ರಾಂತಿಯ ಗಾಳಿ ಬೀಸುತ್ತಿದ್ದಾಗ ಸರ್ಬರು ಸಭೆ ಸೇರಿದ್ದೂ ಇಲ್ಲೇ. ಯೊಸಿಫ್ ರಯಾಚಿಚ್‌ರನ್ನು ಪೇಟ್ರಿಯಾರ್ಕ್ ಎಂದು, ಸ್ತೆವಾನ್ ಶುಪ್ಲಿಕಾಟ್ಸ್‌ರನ್ನು ವೊಯ್ವೊದ ಅಂದರೆ ದಂಡನಾಯಕ ಎಂದು ಘೋಷಿಸಿ, ಸರ್ಬಿಯನ್ ವೊಯ್ವೊದಿನಾ ಬೇಕು ಎಂದು ನಿರ್ಣಯ ಮಾಡಿದರು. ಇಂದಿನ ಪ್ರಾಂತದ ಹೆಸರು ಬೆಳೆದುಬಂದದ್ದು ಆ ಬೇಡಿಕೆಯಿಂದ.

ನದಿಯ ಎರಡು ದಡ, ಎರಡು ಕಾನೂನು

ಈ ಪ್ರಕರಣದ ಗಂಟು ಇರುವುದು ಇಲ್ಲಿ. ನೋವಿ ಸಾದ್ ಮತ್ತು ಕಾರ್ಲೊವ್ಟ್ಸಿ ಇಂದಿನ ರೂಪಕ್ಕೆ ಬರತೊಡಗಿದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಕಾರ್ಲೊವ್ಟ್ಸಿಯ ದಡದಲ್ಲೇ ಇದ್ದ ಪೆಟ್ರೊವರಾದಿನ್ ಕೋಟೆಯೊಳಗೆ ನೆಲೆಸಲು ಆರ್ಥೊಡಾಕ್ಸ್ ಜನರಿಗೆ ಅವಕಾಶ ಇಲ್ಲದ್ದರಿಂದ ಸರ್ಬಿಯನ್ ವರ್ತಕರು 1694ರಲ್ಲಿ ಎದುರು ದಡದಲ್ಲಿ ಮನೆ ಕಟ್ಟಿಕೊಂಡರು. ಅದೇ ಮುಂದೆ ನೋವಿ ಸಾದ್ ಆಯಿತು. 1748ರಲ್ಲಿ ಆ ವರ್ತಕರು ಹಣ ಸುರಿದು ತಮ್ಮ ಪೇಟೆಗೆ ‘ಸ್ವತಂತ್ರ ರಾಜನಗರ’ ಎಂಬ ಸ್ಥಾನ ಪಡೆದುಕೊಂಡರು. ಅಂದರೆ ಸ್ವಂತ ಪೌರಾಡಳಿತ, ಸಂತೆ ಕಟ್ಟುವ ಹಕ್ಕು, ಸೇನೆಯ ಹಿಡಿತದಿಂದ ಬಿಡುಗಡೆ.

ಕಾರ್ಲೊವ್ಟ್ಸಿ ಮಾತ್ರ ಸೈನಿಕ ಗಡಿಪ್ರದೇಶದೊಳಗೇ ಉಳಿಯಿತು. ಒಟ್ಟೊಮನ್ ಗಡಿಯುದ್ದಕ್ಕೂ ಹ್ಯಾಬ್ಸ್‌ಬರ್ಗರು ಹೆಣೆದಿದ್ದ ಪಟ್ಟಿ ಅದು. ಅಲ್ಲಿನ ರೈತನೇ ಸಿಪಾಯಿ, ಅಲ್ಲಿನ ಆಡಳಿತಗಾರ ಸೇನಾಧಿಕಾರಿ. ಕಾರ್ಲೊವ್ಟ್ಸಿಗೆ ಅದರೊಳಗೇ ಒಂದಿಷ್ಟು ವಿಶೇಷ ಸವಲತ್ತು ಸಿಕ್ಕಿತ್ತು, ಆದರೆ ನದಿಯ ಆಚೆಗಿದ್ದ ವ್ಯಾಪಾರದ ಸ್ವಾತಂತ್ರ್ಯ ಈಚೆಗೆ ಇರಲಿಲ್ಲ. ಆ ಪಟ್ಟಿ ಪೂರ್ತಿ ರದ್ದಾದದ್ದು 1881ರಲ್ಲಿ. ಒಂದು ಊರು ನೂರಾ ಮೂವತ್ತು ವರ್ಷ ಮೊದಲೇ ಓಟಕ್ಕೆ ಬಿಟ್ಟಿತ್ತು. ಇನ್ನೊಂದರ ಕಾಲಿಗೆ ಹಗ್ಗ ಕಟ್ಟಿತ್ತು.

1849ರಲ್ಲಿ ಪೆಟ್ರೊವರಾದಿನ್ ಕೋಟೆಯಲ್ಲಿದ್ದ ಹಂಗೇರಿಯನ್ ಪಡೆ ನೋವಿ ಸಾದ್ ಮೇಲೆ ತೋಪು ಹಾರಿಸಿ ಊರಿನ ಬಹುಭಾಗವನ್ನು ನೆಲಸಮ ಮಾಡಿತು. ಆಗಲಾದರೂ ಕಾರ್ಲೊವ್ಟ್ಸಿಗೆ ಮೇಲುಗೈ ಸಿಗಬೇಕಿತ್ತು, ಆದರೆ ಸಿಗಲಿಲ್ಲ. ನೋವಿ ಸಾದ್‌ನ ವರ್ತಕರು ಮತ್ತೆ ಕಟ್ಟಿದರು. 1861ರಲ್ಲಿ ಸರ್ಬಿಯನ್ ರಾಷ್ಟ್ರೀಯ ರಂಗಮಂದಿರ ಅಲ್ಲಿ ಹುಟ್ಟಿತು. ಪೆಸ್ಟ್‌ನಲ್ಲಿದ್ದ ‘ಮಾತಿತ್ಸಾ ಸರ್ಪ್ಸ್ಕಾ’ ಎಂಬ ಸಾಹಿತ್ಯ ಸಂಸ್ಥೆ 1864ರಲ್ಲಿ ಅಲ್ಲಿಗೇ ಬಂತು. ಪತ್ರಿಕೆ, ಪಕ್ಷ, ಬ್ಯಾಂಕು ಎಲ್ಲ ಆ ದಡಕ್ಕೆ. ಧರ್ಮಪೀಠ, ಶಾಲೆ, ದ್ರಾಕ್ಷಿ ಈ ದಡಕ್ಕೆ. ಪೀಠದ ನೆರಳಲ್ಲಿ ಊರಿಗೆ ಗೌರವ ಸಿಕ್ಕಿತು, ಕಸುಬು ಹೆಚ್ಚಲಿಲ್ಲ. ಮಠದ ಗುಮಾಸ್ತರು, ಅಧ್ಯಾಪಕರು, ವಿದ್ಯಾರ್ಥಿಗಳಿಗೆ ಊಟ ಹಾಕುವ ಮನೆಯವರು, ತೋಟಗಾರರು ಸೇರಿದರೆ ಆರೇಳು ಸಾವಿರದ ಊರು ನಡೆಯುತ್ತದೆ. ಅದಕ್ಕೂ ಮೇಲೆ ಜನರನ್ನು ಎಳೆದುಕೊಳ್ಳಲು ಕಾರಣವೇ ಇರಲಿಲ್ಲ.

ದ್ರಾಕ್ಷಿಯ ವಿಷಯ ಒಂದಿಷ್ಟು ಹೇಳಲೇಬೇಕು. ಊರಿನ ಬೆನ್ನಿಗಿರುವ ಫ್ರೂಷ್ಕಾ ಗೋರಾ ಬೆಟ್ಟಸಾಲಿನಲ್ಲಿ ಮೂರನೆಯ ಶತಮಾನದ ರೋಮನ್ ಚಕ್ರವರ್ತಿ ಪ್ರೋಬಸ್ ಬಳ್ಳಿ ನೆಡಿಸಿದ ಎಂಬ ನಂಬಿಕೆಯಿದೆ. ಅವನು ಹುಟ್ಟಿದ್ದು ಹತ್ತಿರದ ಸಿರ್ಮಿಯಮ್‌ನಲ್ಲಿ. ಇಲ್ಲಿನ ವಿಶೇಷ ‘ಬೆರ್ಮೆಟ್’. ವೈನಿಗೆ ಮಾಚಿಪತ್ರೆಯ ಜಾತಿಯ ಕಹಿಗಿಡ, ಒಣ ಅಂಜೂರ, ಸಾಸಿವೆ, ಕಿತ್ತಳೆ ಸಿಪ್ಪೆ ಮುಂತಾದ ಇಪ್ಪತ್ತರಷ್ಟು ಬೇರು-ಬೀಜ-ಸೊಪ್ಪುಗಳನ್ನು ಹಾಕಿ ವಾರಗಟ್ಟಲೆ ನೆನೆಸುತ್ತಾರೆ. ಯಾವುದು ಎಷ್ಟು ಎಂಬುದು ಮನೆಮನೆಯ ಗುಟ್ಟು. ಸಿಹಿಯ ಹಿಂದೆಯೇ ಕಷಾಯದ ಕಹಿ ನಾಲಿಗೆಗೆ ತಾಗುವ ಪಾನೀಯ. ಊಟದ ನಂತರ ಚಿಕ್ಕ ಲೋಟದಲ್ಲಿ ಕೊಡುತ್ತಾರೆ, ಜೊತೆಗೆ ಉಂಗುರದಾಕಾರದ ‘ಕುಗ್ಲೊಫ್’ ಕೇಕು. ಟೈಟಾನಿಕ್ ಹಡಗಿನ ಪಾನೀಯದ ಪಟ್ಟಿಯಲ್ಲೂ ಬೆರ್ಮೆಟ್ ಇತ್ತು ಎಂದು ಅಂಗಡಿಯವರು ಹೇಳುತ್ತಾರೆ. ಮುಳುಗಿದ ಹಡಗಿನ ಹೆಸರಲ್ಲಿ ಮಾಲು ಮಾರುವ ಧೈರ್ಯವನ್ನು ಮೆಚ್ಚಬೇಕು.

ಈ ತೋಟಗಳೂ ಪೆಟ್ಟು ತಿಂದವು. 1880ರ ದಶಕದಲ್ಲಿ ಯುರೋಪಿನ ದ್ರಾಕ್ಷಿಯನ್ನೆಲ್ಲ ನುಂಗುತ್ತಿದ್ದ ಫಿಲಾಕ್ಸೆರಾ ಹೇನು ಫ್ರೂಷ್ಕಾ ಗೋರಾಗೂ ಬಂತು. ಅಮೆರಿಕದ ಬೇರುಗಳಿಗೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಬೇಕಾಯಿತು. ವಿಚಿತ್ರವೆಂದರೆ ಊರಿನ ಅತಿ ಭವ್ಯ ಕಟ್ಟಡಗಳು ಎದ್ದದ್ದೂ ಅದೇ ಕಾಲದಲ್ಲಿ. 1891ರಲ್ಲಿ ಗಿಮ್ನಾಸಿಯಮ್‌ನ ಹೊಸ ಕಟ್ಟಡ, ಅದರ ಬೆನ್ನಿಗೇ ಪೇಟ್ರಿಯಾರ್ಕರ ಅರಮನೆ. ರೈಲೂ ಆಗಷ್ಟೇ, 1883ರಲ್ಲಿ, ಬಂದಿತ್ತು. ದುಡಿಮೆ ಬತ್ತುತ್ತಿದ್ದಾಗಲೂ ವೈಭವ ಮೇಲೇರುತ್ತಿತ್ತು, ಯಾಕೆಂದರೆ ಆ ಹಣ ಊರಿನದ್ದಾಗಿರಲಿಲ್ಲ, ಪೀಠದ್ದಾಗಿತ್ತು.

ಪೀಠ ಹೋದ ಮೇಲೆ

1918ರಲ್ಲಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯ ಮುರಿದುಬಿತ್ತು. ಸರ್ಬರೆಲ್ಲ ಒಂದೇ ರಾಜ್ಯದೊಳಗೆ ಬಂದ ಮೇಲೆ ಚರ್ಚೂ ಒಂದಾಗಬೇಕಾಯಿತು. 1920ರಲ್ಲಿ ಒಂದಾದ ಪೀಠ ಹಂತಹಂತವಾಗಿ ಬೆಲ್‌ಗ್ರೇಡಿಗೆ ಹೋಯಿತು. ಸರ್ಬರ ರಾಷ್ಟ್ರೀಯ ಕನಸು ಕೈಗೂಡಿದ ದಿನವೇ ಆ ಕನಸನ್ನು ಕಾಪಾಡಿಕೊಂಡು ಬಂದ ಊರಿಗೆ ಕೆಲಸವಿಲ್ಲದಂತಾಯಿತು.

ಖಾಲಿ ಕೋಣೆಗಳಿಗೆ ಒಂದಷ್ಟು ಕಾಲ ವಿಚಿತ್ರ ಅತಿಥಿಗಳು ಬಂದರು. ಬೊಲ್ಷೆವಿಕರಿಗೆ ಸೋತ ರಷ್ಯನ್ನರು. 1921ರಲ್ಲಿ ದೇಶಭ್ರಷ್ಟ ರಷ್ಯನ್ ಬಿಷಪ್ಪರು ಇಲ್ಲಿ ಮಹಾಸಭೆ ಕೂಡಿದರು. ರಷ್ಯಾದ ಹೊರಗಿನ ರಷ್ಯನ್ ಚರ್ಚಿನ ಕೇಂದ್ರ 1944ರವರೆಗೆ ಈ ಊರಿನ ಜೊತೆ ಬೆಸೆದುಕೊಂಡಿತ್ತು. ಬೊಲ್ಷೆವಿಕರ ವಿರುದ್ಧ ಕಾದಾಡಿದ ಬಿಳಿಸೇನೆಯ ದಂಡನಾಯಕ ಪ್ಯೋತರ್ ವ್ರಾಂಗೆಲ್ ಕೂಡ ಕೆಲವು ವರ್ಷ ಇಲ್ಲಿದ್ದು, 1924ರಲ್ಲಿ ಚದುರಿದ ಸೈನಿಕರ ಸಂಘವನ್ನು ಇಲ್ಲಿಂದಲೇ ಕಟ್ಟಿದರು. 1690ರಲ್ಲಿ ನಿರಾಶ್ರಿತರಿಂದ ಮೇಲೆದ್ದ ಊರಿಗೆ ಮತ್ತೆ ನಿರಾಶ್ರಿತರು ಬಂದಿದ್ದರು, ಆದರೆ ಈ ಸಲ ಬಂದವರು ಹಿಂತಿರುಗುವ ದಿನ ಎಣಿಸುತ್ತಿದ್ದವರು. ಅವರು ಬೇರು ಬಿಡಲಿಲ್ಲ.

1941ರಲ್ಲಿ ಈ ಊರಿರುವ ಸ್ರೆಮ್ ಪ್ರದೇಶ ನಾಜಿಗಳ ಕೈಗೊಂಬೆಯಾಗಿದ್ದ ಕ್ರೊಯೇಷ್ಯಾ ಸರ್ಕಾರದ ವಶಕ್ಕೆ ಹೋಯಿತು. ಊರಿನ ಹೆಸರನ್ನೇ ‘ಹ್ರ್ವಾತ್ಸ್ಕಿ ಕಾರ್ಲೊವ್ಟ್ಸಿ’, ಕ್ರೊವಾಟರ ಕಾರ್ಲೊವ್ಟ್ಸಿ, ಎಂದು ಬದಲಿಸಿದರು. ಯುದ್ಧ ಮುಗಿಯುವಾಗ ವೊಯ್ವೊದಿನಾದ ಜರ್ಮನ್ನರು ಓಡಿಹೋದರು ಇಲ್ಲವೇ ಹೊರದೂಡಿಸಿಕೊಂಡರು. 1990ರ ದಶಕದಲ್ಲಿ ಯುಗೊಸ್ಲಾವಿಯಾ ಒಡೆದಾಗ ಕ್ರೊಯೇಷ್ಯಾ, ಬೋಸ್ನಿಯಾಗಳ ಸರ್ಬ್ ನಿರಾಶ್ರಿತರಲ್ಲಿ ದೊಡ್ಡ ಪಾಲು ನೆಲೆನಿಂತದ್ದು ವೊಯ್ವೊದಿನಾದಲ್ಲಿ. ಇತ್ತ ಸ್ರೆಮ್‌ನ ಅನೇಕ ಕ್ರೊವಾಟರು ಮನೆ ಅದಲುಬದಲು ಮಾಡಿಕೊಂಡು ಕ್ರೊಯೇಷ್ಯಾಕ್ಕೆ ಹೋದರು. ಇಂದು ಕಾರ್ಲೊವ್ಟ್ಸಿಯಲ್ಲಿ ಐವರಲ್ಲಿ ನಾಲ್ವರು ಸರ್ಬರು, ಉಳಿದವರಲ್ಲಿ ಕ್ರೊವಾಟರೇ ದೊಡ್ಡ ಗುಂಪು. ದೇಶದಲ್ಲಿ 1992ರಿಂದ ಹುಟ್ಟಿಗಿಂತ ಸಾವೇ ಹೆಚ್ಚು. ಹೊರಗಿನಿಂದ ಬರುವವರು ನಿಂತೊಡನೆ ಇಂಥ ಊರಿನ ಅಂಕಿ ತಾನಾಗಿ ಕೆಳಗಿಳಿಯುತ್ತದೆ, ಯಾರೂ ಗುಳೆ ಹೋಗಬೇಕೆಂದೇನಿಲ್ಲ.

ಹಳೆಯ ಅಂಕಿಗಳನ್ನು ಜೋಡಿಸುವಾಗ ಒಂದು ಎಚ್ಚರ ಬೇಕು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿರುವವರನ್ನು ಸೆರ್ಬಿಯಾ 2002ರ ಎಣಿಕೆಯಿಂದ ಕೈಬಿಟ್ಟಿತು. ಅದಕ್ಕೂ ಮುಂಚೆ ಜರ್ಮನಿಯಲ್ಲಿ ದುಡಿಯುವ ಮಗನೂ ಮನೆಯ ಲೆಕ್ಕದಲ್ಲಿ ಇರುತ್ತಿದ್ದ. ಹಾಗಾಗಿ 1991ಕ್ಕೂ 2002ಕ್ಕೂ ನೇರ ಗೆರೆ ಎಳೆಯುವ ಲೇಖನಗಳನ್ನು ನಂಬುವ ಹಾಗಿಲ್ಲ.

ಹಾಗಾದರೆ ನೋವಿ ಸಾದ್‌ನ ಬೆಳವಣಿಗೆ ಇಲ್ಲಿಗೆ ಯಾಕೆ ಹರಿಯುತ್ತಿಲ್ಲ? ನನಗೆ ಕಾಣುವ ಮುಖ್ಯ ಕಾರಣ ನೆಲ. ಒಂದು ಕಡೆ ಡ್ಯಾನ್ಯೂಬ್, ಇನ್ನೊಂದು ಕಡೆ ಫ್ರೂಷ್ಕಾ ಗೋರಾದ ಇಳಿಜಾರು, ಅದರಾಚೆ ರಾಷ್ಟ್ರೀಯ ಉದ್ಯಾನ, ನಡುವೆ ರೈಲುಹಳಿ ಮತ್ತು ಹೆದ್ದಾರಿ. ಉಳಿದ ನಡುಭಾಗ ರಕ್ಷಿತ ಪಾರಂಪರಿಕ ವಲಯ. ಬಯಲಿನಲ್ಲಿರುವ ವೆತೆರ್ನಿಕ್‌ನಂಥ ಉಪನಗರದಲ್ಲಿ ಕಟ್ಟುವಂತೆ ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟಲಾಗದು. ಆಡಳಿತವೂ ಬೇರೆ. ಇದು ಒಂದೇ ಊರಿನ ಪುರಸಭೆ, ಸುತ್ತ ಸೇರಿಸಿಕೊಳ್ಳಲು ಹಳ್ಳಿಗಳಿಲ್ಲ. ಎಂಟು ಸಾವಿರಕ್ಕೂ ಕಡಿಮೆ ಜನರ ತೆರಿಗೆಯಲ್ಲಿ ಒಂದು ಸಾಮ್ರಾಜ್ಯದ ಕಾಲದ ಚೌಕವನ್ನು ಸುತ್ತಲ ಬೀದಿಗಳ ಸಮೇತ ಒಪ್ಪವಾಗಿಡಬೇಕು.

ಹೀಗಿದ್ದರೂ ಊರು ಸತ್ತಿದೆ ಎನ್ನುವವರ ಜೊತೆ ನಾನಿಲ್ಲ. ಗಿಮ್ನಾಸಿಯಮ್ ಈಗ ಭಾಷೆಗಳಿಗೇ ಮೀಸಲಾದ ಶಾಲೆ. ಲ್ಯಾಟಿನ್, ಹಳೆಯ ಗ್ರೀಕ್‌ನಿಂದ ಹಿಡಿದು ಇಂದಿನ ಭಾಷೆಗಳವರೆಗೆ ಓದಲು ಬೇರೆ ಊರುಗಳಿಂದಲೂ ಮಕ್ಕಳು ಬರುತ್ತಾರೆ. ಇಲ್ಲಿ ಓದಿದ ಕವಿ ಬ್ರಾಂಕೊ ರಾದಿಚೆವಿಚ್ 1853ರಲ್ಲಿ ವಿಯೆನ್ನಾದಲ್ಲಿ ಕ್ಷಯದಿಂದ ತೀರಿಕೊಂಡಾಗ ಇನ್ನೂ ಮೂವತ್ತು ದಾಟಿರಲಿಲ್ಲ. ಮೂವತ್ತು ವರ್ಷದ ನಂತರ ಅವರ ಅಸ್ಥಿಯನ್ನು ತಂದು ಊರಿನ ಮೇಲಿನ ಸ್ತ್ರಾಜಿಲೊವೊ ಗುಡ್ಡದಲ್ಲಿ ಹೂಳಿದರು. ಶಾಲಾಮಕ್ಕಳ ಪ್ರವಾಸದ ಬಸ್ಸುಗಳು ಇಂದಿಗೂ ಅಲ್ಲಿಗೆ ಹತ್ತುತ್ತವೆ. ಸೆಮಿನರಿ ನಡೆಯುತ್ತಿದೆ. ಸ್ರೆಮ್ ಧರ್ಮಪ್ರಾಂತದ ಬಿಷಪ್ಪರು ಹಳೆಯ ಅರಮನೆಯಲ್ಲೇ ಇದ್ದಾರೆ. ಹಗಲು ಚೌಕದಲ್ಲಿ ಕಾಣುವ ಈ ಮಂದಿಯಲ್ಲಿ ಅನೇಕರು ಸಂಜೆಗೆ ಬೇರೆ ಊರಿನವರು.

2022ರ ಮಾರ್ಚಿನಲ್ಲಿ ಬೆಲ್‌ಗ್ರೇಡ್ ಮತ್ತು ನೋವಿ ಸಾದ್ ನಡುವೆ ವೇಗದ ರೈಲುಮಾರ್ಗ ತೆರೆಯಿತು. ಗಂಟೆಗೆ 200 ಕಿಲೋಮೀಟರ್ ಓಡುವ ‘ಸೋಕೊ’ ರೈಲು ಅರ್ಧ ಗಂಟೆಗೆ ತುಸು ಹೆಚ್ಚು ಹೊತ್ತಿನಲ್ಲಿ ಈ ತುದಿಯಿಂದ ಆ ತುದಿ ತಲುಪುತ್ತದೆ, ಕಾರ್ಲೊವ್ಟ್ಸಿಯಲ್ಲಿ ನಿಲ್ಲುವುದಿಲ್ಲ. ಇಲ್ಲಿಗೆ ನಿಲ್ಲುವುದು ಊರೂರಿಗೆ ನಿಲ್ಲುವ ರೀಜಿಯೊ ಗಾಡಿ. ಜನಗಣತಿ ನಡೆದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಹಾಗಾಗಿ ರೈಲಿನ ಪರಿಣಾಮ ಆ ಅಂಕಿಯಲ್ಲಿ ಇನ್ನೂ ಇಳಿದಿಲ್ಲ. ಮುಂದಿನ ಎಣಿಕೆ ಬಂದಾಗ ನಾನು ಮೊದಲು ನೋಡುವುದು ಒಟ್ಟು ಸಂಖ್ಯೆಯನ್ನಲ್ಲ. ಇಪ್ಪತ್ತೈದರಿಂದ ನಲವತ್ತರ ವಯಸ್ಸಿನವರ ಸಾಲು, ಮತ್ತು ಬೇರೆ ಊರಿಗೆ ಕೆಲಸಕ್ಕೆ ಹೋಗಿಬರುವವರ ಸಾಲು. ಆ ಎರಡೂ ಏರಿದ್ದರೆ ನೋವಿ ಸಾದ್‌ನ ಮನೆಬಾಡಿಗೆ ಕೊನೆಗೂ ಜನರನ್ನು ಈ ದಡಕ್ಕೆ ತಳ್ಳತೊಡಗಿದೆ ಎಂದು ಲೆಕ್ಕ.